ನೀನು ಆಡದ ಮಾತು

ಸವಿತಾ, ಅವ್ವ ಬರುವುದು ಬೇಡ ಎಂದು ನೀನು ಯಾವತ್ತೂ ಹೇಳಿರಲಿಲ್ಲ. ಹಾಗೆ ನೀನು ಹೇಳಿದೆ ಎಂದು ನಿನ್ನ ಅವ್ವನಿಗೆ ಹೇಳಿದವಳು ನಾನು. 1995ರ ಸೆಪ್ಟೆಂಬರ್ 17, ಭಾನುವಾರ, ನಂಜನಗೂಡಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು ಒಂದು ಸಲವೂ ತಡವರಿಸದೆ ಹೇಳಿದೆ. ನಿನಗೆ ಆಗ ಹತ್ತು ವರ್ಷ. ನನಗೆ ಹದಿನೆಂಟು.

ಇದನ್ನು ಮೊದಲೇ ಬರೆದುಬಿಡಬೇಕು ಎಂದುಕೊಂಡೆ. ಸುತ್ತಿ ಬಳಸಿ ಬಂದರೆ ನಡುವೆ ಎಲ್ಲಾದರೂ ನಿಂತುಬಿಡುತ್ತೇನೆ — ನನ್ನ ಗುಣ ನನಗೆ ಗೊತ್ತು. ಈ ಹನ್ನೊಂದು ವರ್ಷದಲ್ಲಿ ಹೀಗೆ ನಿಂತುಬಿಟ್ಟ ಸಲಗಳೇ ಎಲ್ಲ.

ನಿನಗೆ ನೆನಪಿರುವುದು ಬೇರೆ. ಅವ್ವ ನಿನ್ನನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋದಳು. ಮೊದಮೊದಲು ವಾರವಾರ ಬಂದಳು. ಆಮೇಲೆ ಬರುವುದನ್ನು ನಿಲ್ಲಿಸಿದಳು. ಬಂದಾಗಲೂ ನಿನ್ನ ಜೊತೆ ಮಾತಾಡಲಿಲ್ಲ. ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಯಾಕೆ ಎಂಬುದು ಇದರಲ್ಲಿ ಇಲ್ಲ. ಆ ಯಾಕೆ — ಅದು ನಾನು.

ಆ ವರ್ಷ ಜೂನ್ ಮೊದಲ ವಾರದಲ್ಲಿ ಚಿಕ್ಕವ್ವ ನಿನ್ನನ್ನು ಕರೆದುಕೊಂಡು ಬಂದಳು. ಮೂಗೂರಿನಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ನಿನಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳು. ದಾರಿಯ ಧೂಳೆಲ್ಲ ಆ ಎಣ್ಣೆಗೆ ಮೆತ್ತಿಕೊಂಡಿತ್ತು. ನಮ್ಮಮ್ಮ ಅವಳ ಅಕ್ಕ. ಒಂದೇ ಮನೆಯಲ್ಲಿ ಹುಟ್ಟಿ ಒಂದೇ ಮಾತು ಕಲಿತವರು. ಅಮ್ಮ ಗುಮಾಸ್ತರನ್ನು ಮದುವೆಯಾಗಿ ಪೇಟೆಗೆ ಬಂದು, ಇಪ್ಪತ್ತು ವರ್ಷದಲ್ಲಿ ನಾಲಿಗೆ ಬದಲಾಯಿಸಿಕೊಂಡಳು. ಚಿಕ್ಕವ್ವ ಮೂಗೂರಿನಲ್ಲಿ ರೇಷ್ಮೆ ಹುಳ ಸಾಕುತ್ತಾ, ಹುಟ್ಟಿದಾಗಿನ ಮಾತನ್ನೇ ಆಡುತ್ತಾ ಉಳಿದಳು.

ನೀನು ಚುರುಕು ಎಂದು ಮೂಗೂರಿನ ಮೇಷ್ಟ್ರು ಹೇಳಿದ್ದರು. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸಿ, ಸೀಟು ಸಿಕ್ಕರೆ ಹತ್ತನೇ ತರಗತಿಯವರೆಗೆ ಚಿಂತೆಯಿಲ್ಲ. ಆದರೆ ಇವಳ ಕಾಗುಣಿತ ಹೀಗೇ ಇದ್ದರೆ ಆಗುವುದಿಲ್ಲ, ಯಾರಾದರೂ ಮನೆಯಲ್ಲಿ ಕೂರಿಸಿಕೊಂಡು ತಿದ್ದಬೇಕು ಎಂದಿದ್ದರಂತೆ. ನಾನು ಆಗಷ್ಟೇ ಶಿಕ್ಷಕರ ತರಬೇತಿಗೆ ಸೇರಿದ್ದೆ. ಬೆಳಿಗ್ಗೆ ರೈಲಿನಲ್ಲಿ ಮೈಸೂರಿಗೆ ಹೋಗಿ ಸಂಜೆ ಬರುತ್ತಿದ್ದೆ. ಮನೆಯಲ್ಲೇ ಒಬ್ಬಳು ಮೇಡಂ ತಯಾರಾಗುತ್ತಿದ್ದಾಳೆ ಎಂದು ಎಲ್ಲರಿಗೂ ಸಂತೋಷ.

ಹೊರಡುವ ಮೊದಲು ಚಿಕ್ಕವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ಬಯ್ಯಿ, ಒಡಿ, ನಾನ್ ಯಾಕೆ ಅಂತ ಕೇಳಾಕಿಲ್ಲ. ಆದ್ರೆ ಭಾನ್ವಾರ ಭಾನ್ವಾರ ಬಂದು ಕೂಸ್ನ ನೋಡ್ಕ ವೋಯ್ತೀನಿ ಕಣಮ್ಮಿ. ಅದೊಂದ್ಕೆ ಅಡ್ಡ ಬರ್ಬ್ಯಾಡ."

ಆಗಲಿ ಚಿಕ್ಕವ್ವ ಎಂದೆ. ಅವಳು ಕೇಳಿದ್ದು ಅದೊಂದೇ. ನಾನು ಅಡ್ಡ ಬಂದದ್ದೂ ಅದೊಂದಕ್ಕೇ.

ನಾವು ಹೇಗೆ ಕಲಿಯುತ್ತಿದ್ದೆವು, ನೆನಪಿದೆಯಾ? ಹಗಲು ನಿನಗೆ ನಂಜನಗೂಡಿನ ಶಾಲೆ, ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಚಾಪೆ. ಮೊದಲು ಪಾಠವನ್ನು ನೀನು ಗಟ್ಟಿಯಾಗಿ ಓದಬೇಕು. ಆಮೇಲೆ ಪುಸ್ತಕ ಮುಚ್ಚಿ ಉಕ್ತಲೇಖನ, ಇಪ್ಪತ್ತು ಪದ. ನಾನು ಒಂದೊಂದನ್ನೂ ಎರಡೇ ಸಲ ಹೇಳುತ್ತಿದ್ದೆ. ತಪ್ಪಾದದ್ದನ್ನು ನೀನೇ ಪುಸ್ತಕದಲ್ಲಿ ಹುಡುಕಿ ತಿದ್ದಿ, ಮೂರು ಸಲ ಬರೆಯಬೇಕು. ಬಜಾರಿಗೆ ಹೋದಾಗ ಅಂಗಡಿಗಳ ಬೋರ್ಡು ಓದಿಸುತ್ತಿದ್ದೆ. ಒಂದು ಹೋಟೆಲಿನ ಬೋರ್ಡಿನಲ್ಲೇ ತಪ್ಪು ಕಂಡುಹಿಡಿದು ನೀನು ರಸ್ತೆಯಲ್ಲೇ ಕುಣಿದಿದ್ದೆ. ನಾನು ಕೆಟ್ಟದಾಗಿ ಕಲಿಸಲಿಲ್ಲ, ಸವಿತಾ. ಅಷ್ಟನ್ನು ಹೇಳಬಹುದು ಎಂದುಕೊಂಡಿದ್ದೇನೆ. ಅಥವಾ — ಅದನ್ನೂ ಹೇಳಬಾರದೇನೋ.

ನನಗೆ ಎಲ್ಲವನ್ನೂ ಎಣಿಸಿ, ತಾರೀಖು ಹಾಕಿ ಬರೆದಿಡುವ ಚಟ. ಅಪ್ಪ ನನ್ನನ್ನು ಸೊಸೈಟಿ ಸೆಕ್ರೆಟರಿ ಎಂದು ರೇಗಿಸುತ್ತಿದ್ದರು. ನಿನ್ನ ತಪ್ಪುಗಳನ್ನೂ ದಿನಾ ಎಣಿಸಿದೆ. ಆಗಸ್ಟ್ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಶನಿವಾರ ನಿನ್ನ ತಪ್ಪು ಮೂರೋ ನಾಲ್ಕೋ. ಸೋಮವಾರ ಹತ್ತು, ಹನ್ನೊಂದು. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ. ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಏನಿದೆ? ಭಾನುವಾರ ಇದೆ. ಭಾನುವಾರ ಯಾರು ಬರುತ್ತಾರೆ?

ಅಲ್ಲಿಂದ ನಾನು ನಿಮ್ಮಿಬ್ಬರ ಭಾನುವಾರಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಹನ್ನೊಂದರ ಹೊತ್ತಿಗೆ ಚಿಕ್ಕವ್ವ ಬೀದಿಯ ತುದಿಯಲ್ಲಿ ಕಂಡರೆ ನೀನು ಚಪ್ಪಲಿ ಇಲ್ಲದೆ ಓಡುತ್ತಿದ್ದೆ. ಅವಳು ಬಾಗಿಲಿಗೆ ಬಂದವಳೇ ನನ್ನನ್ನು ಕೆಣಕುತ್ತಿದ್ದಳು: "ಏನವ್ವಾ ಮೇಡಮ್ಮು, ಈ ವಾರ ನನ್ ಕೂಸ್ನ ಎಷ್ಟು ಬಡ್ದೆ?" ಅದಕ್ಕೆ ಅಮ್ಮ, ನಿನ್ನ ಕೂಸೇನು ಕಮ್ಮಿ ಇಲ್ಲ, ನನ್ನ ಮಗಳಿಗೇ ಪಾಠ ಹೇಳುತ್ತಾಳೆ ಎನ್ನುತ್ತಿದ್ದಳು. ಆಮೇಲೆ ನೀವಿಬ್ಬರೂ ಜಗಲಿಯಲ್ಲಿ. ನಿನ್ನ ತಲೆ ಅವಳ ಮಡಿಲಲ್ಲಿ, ಅವಳ ಬೆರಳು ನಿನ್ನ ಕೂದಲಲ್ಲಿ, ಸಂಜೆಯ ಬಸ್ಸಿನವರೆಗೂ ಮುಗಿಯದ ಮಾತು. ಹುಳ ಪೊರೆ ಕಳಚಲು ಎಷ್ಟನೇ ಜ್ವರಕ್ಕೆ ಮಲಗಿವೆ, ಸೊಪ್ಪು ಸಾಕಾಗುತ್ತದೋ ಇಲ್ಲವೋ, ಪಕ್ಕದ ಮನೆಯ ಎಮ್ಮೆ ಏನು ಈದಿತು. ಅವಳ ಬಾಯಲ್ಲಿ ಹುಳ ‘ಉಳ’, ಹಾಲು ‘ಆಲು’, ಹಳ್ಳಿ ‘ಅಳ್ಳಿ’. ನಿನ್ನ ಬಾಯಲ್ಲೂ ಅದೇ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಬೆರಳು ಮಡಿಸಿ ಎಣಿಸುತ್ತಿದ್ದೆ.

ಒಂದು ಸಲ ಅವಳಿಗೇ ಹೇಳಿ ನೋಡಿದೆ. ಪರೀಕ್ಷೆ ಮುಗಿಯುವವರೆಗೆ ಮಗುವಿನ ಎದುರಿಗೆ ಸ್ವಲ್ಪ ಸ್ಪಷ್ಟವಾಗಿ ಮಾತಾಡು ಚಿಕ್ಕವ್ವ, ಪುಸ್ತಕದಲ್ಲಿ ಇರುವ ಹಾಗೆ. ಅವಳು ಜೋರಾಗಿ ನಕ್ಕಳು.

"ಅಯ್ಯೋ ನಿನ್ನ. ನಲ್ವತ್ ವರ್ಸ ಇಂಗೇ ಆಡ್ದ ನಾಲ್ಗೆ ಕಣಮ್ಮಿ, ಈಗ ಮಗ್ಗುಲು ತಿರುಗ್ಸು ಅಂದ್ರೆ ತಿರುಗ್ತದಾ?"

ಅವಳ ನಗು ನನಗೆ ಚುಚ್ಚಿತು. ಹದಿನೆಂಟು ವರ್ಷದವಳು, ತರಬೇತಿ ಕಾಲೇಜಿನಲ್ಲಿ ಹೊಸದಾಗಿ ನಾಲ್ಕು ದೊಡ್ಡ ಮಾತು ಕಲಿತವಳು. ನನ್ನ ಮಾತನ್ನು ಯಾರೂ ಹಾಗೆ ನಕ್ಕು ತಳ್ಳಿಹಾಕಬಾರದಿತ್ತು.

ಸೆಪ್ಟೆಂಬರ್ 17ರ ಆ ಭಾನುವಾರ ನೀನು ಅಮ್ಮನ ಜೊತೆ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಅಪ್ಪ ಊರಲ್ಲಿರಲಿಲ್ಲ. ಚಿಕ್ಕವ್ವ ಎಂದಿಗಿಂತ ಬೇಗ ಬಂದಳು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಮಧ್ಯಾಹ್ನವೇ ವಾಪಸು ಹೋಗಬೇಕು ಎಂದಳು. ಕೈಯಲ್ಲಿ ಬೇಯಿಸಿದ ಕಡಲೆಕಾಯಿ ತುಂಬಿದ ಚೀಲ. ಇನ್ನೂ ಬಿಸಿ ಇತ್ತೋ ಏನೋ, ಚೀಲದ ಬಟ್ಟೆ ಒದ್ದೆಯಾಗಿತ್ತು.

ಸುಳ್ಳು ಹೇಳಬೇಕೆಂದು ನಾನು ಮೊದಲೇ ಯೋಚಿಸಿರಲಿಲ್ಲ. ತಿಂಗಳಿಗೊಮ್ಮೆ ಬಾ ಎಂದಷ್ಟೇ ಕೇಳಬೇಕೆಂದಿದ್ದೆ. ನಾನು ಕೇಳಿದರೆ ಅವಳು ಮತ್ತೆ ನಗುತ್ತಾಳೆ, ಭಾನುವಾರ ಬಿಡುವುದಿಲ್ಲ ಎನ್ನುತ್ತಾಳೆ, ಅದೂ ಗೊತ್ತಿತ್ತು. ಚಿಕ್ಕವ್ವ, ಒಂದು ಮಾತು ಹೇಳಬೇಕು, ಬೇಜಾರು ಮಾಡ್ಕೋಬೇಡ ಎಂದೆ. ಅವಳು ಒಳಗೆ ಇಟ್ಟ ಕಾಲನ್ನು ಹಾಗೇ ನಿಲ್ಲಿಸಿದಳು.

"ಯಾಕಮ್ಮಿ? ಕೂಸು ಏನಾರ ಅಂದ್ಲಾ?"

ಅವಳೇ ಕೇಳಿದಳು. ದಾರಿ ಅವಳೇ ತೋರಿಸಿದಳು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ — ಅದೂ ಒಂದು ಸುಳ್ಳೇ. ಅವಳು ಹೆದರಿ ಕೇಳಿದ್ದಳು. ನಾನು ಆ ಹೆದರಿಕೆಯನ್ನು ಹಿಡಿದುಕೊಂಡೆ.

"ಹೂಂ. ಸವಿತಾನೇ ಹೇಳಿದಳು. ನೀನು ಬರೋದು ಬೇಡವಂತೆ. ನೀನು ಮಾತಾಡೋದು ಕೇಳಿದ್ರೆ ಅವಳಿಗೆ ನಾಚಿಕೆ ಆಗುತ್ತಂತೆ."

ಚಿಕ್ಕವ್ವ ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಯಾರ ಮುಂದೆ ನಾಚಿಕೆ ಎಂದು ಮೆಲ್ಲಗೆ ಕೇಳಿದಳು. ಶಾಲೆಯ ಗೆಳತಿಯರ ಮುಂದೆ ಎಂದೆ. ನಮ್ಮ ಬೀದಿಯಲ್ಲಿ ನಿನ್ನ ಶಾಲೆಯ ಒಬ್ಬ ಗೆಳತಿಯೂ ಇರಲಿಲ್ಲ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಚೀಲವನ್ನು ನನ್ನ ಕೈಗೆ ಕೊಟ್ಟಳು. ತಾನು ಬಂದದ್ದನ್ನು ಮಗುವಿಗೆ ಹೇಳಬೇಡ ಎಂದಳು. ಅಷ್ಟು ಹೇಳುವಾಗಲೂ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದ್ದಳು. ಆಗಲೇ ಶುರುವಾಗಿತ್ತು, ಸವಿತಾ — ತನ್ನ ಮಾತು ಯಾರಿಗಾದರೂ ಕೇಳಿಸೀತೆಂಬ ಭಯ. ಐದು ನಿಮಿಷದ ಕೆಳಗೆ ಬೀದಿಯೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ ಹೆಂಗಸು.

ನೀವು ಮಿಲ್ಲಿನಿಂದ ಬಂದಾಗ, ಕಡಲೆಕಾಯಿಯನ್ನು ಮೂಗೂರಿನ ಕಡೆಯವರ ಕೈಲಿ ಕಳಿಸಿದ್ದಾರೆ, ಹುಳದ ಕೆಲಸವಂತೆ, ಚಿಕ್ಕವ್ವ ಬರಲ್ಲವಂತೆ ಎಂದೆ. ಅಮ್ಮ ನಂಬಿದಳು. ನೀನು ಕಡಲೆಕಾಯಿ ಸುಲಿಯುತ್ತಾ, ಮುಂದಿನ ವಾರ ಬರುತ್ತಾಳಾ ಎಂದು ಕೇಳಿದೆ. ನೋಡೋಣ ಎಂದೆ.

ಮರುದಿನ ಸೋಮವಾರ. ಉಕ್ತಲೇಖನ. ನೀನು ಹನ್ನೊಂದು ತಪ್ಪು ಮಾಡಿದೆ.

ಅವ್ವ ಬಂದಿರಲಿಲ್ಲ. ಅವಳ ಒಂದು ಮಾತೂ ನಿನ್ನ ಕಿವಿಗೆ ಬಿದ್ದಿರಲಿಲ್ಲ. ಆದರೂ ಹನ್ನೊಂದು. ಪೆನ್ಸಿಲ್ ಹಿಡಿದು ಆ ಸಂಖ್ಯೆಯನ್ನು ನೋಡುತ್ತಾ ಕೂತೆ. ಆಗ ಹೊಳೆಯಿತು — ಸೋಮವಾರ ನಾನು ಪ್ರತಿ ಸಲವೂ ಹೊಸ ಪಾಠ ಶುರುಮಾಡುತ್ತೇನೆ. ಶನಿವಾರದ ಹೊತ್ತಿಗೆ ಅದೇ ಪಾಠವನ್ನು ಆರನೇ ಸಲ ಬರೆಸುತ್ತಿರುತ್ತೇನೆ. ಹೊಸ ಪದ ಯಾವ ಮಗುವಿಗಾದರೂ ತಪ್ಪುತ್ತದೆ, ಆರನೇ ಸಲ ಯಾವ ಮಗುವಿಗಾದರೂ ಬರುತ್ತದೆ. ಚಿಕ್ಕವ್ವನಿಗೂ ಆ ಸಂಖ್ಯೆಗಳಿಗೂ ಸಂಬಂಧವೇ ಇರಲಿಲ್ಲ.

ನನಗೆ ಆ ಸಂಜೆಯೇ ಗೊತ್ತಾಯಿತು. ಇದನ್ನು ನೀನು ಸರಿಯಾಗಿ ಕೇಳಿಸಿಕೊಳ್ಳಬೇಕು. ವರ್ಷಗಳ ನಂತರ ಅರಿವಾಯಿತು, ವಯಸ್ಸು ಚಿಕ್ಕದಿತ್ತು, ತಿಳಿಯಲಿಲ್ಲ — ಹಾಗೆ ಹೇಳಲು ನನಗೆ ಸಾಧ್ಯವಿಲ್ಲ. ಒಂದು ದಿನದೊಳಗೆ ತಿಳಿಯಿತು. ಮರುದಿನ ನರಸೀಪುರದ ಬಸ್ಸು ಹತ್ತಿ ಹೋಗಿ, ಚಿಕ್ಕವ್ವ, ನಾನು ಸುಳ್ಳು ಹೇಳಿದೆ ಎಂದಿದ್ದರೆ ಅವಳು ಎರಡು ಬೈದು, ಭಾನುವಾರ ಬಂದುಬಿಡುತ್ತಿದ್ದಳು. ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂಬುದಕ್ಕೆ ಇನ್ನೊಂದು ವಿಷಯವಿದೆ. ಇದನ್ನೂ ಬಿಡಬಾರದು. ತರಬೇತಿ ಕಾಲೇಜಿನಲ್ಲಿ ನಮಗೆಲ್ಲ ಒಂದು ಕೆಲಸ ಕೊಟ್ಟಿದ್ದರು — ಒಂದು ಮಗುವಿನ ಕಲಿಕೆಯನ್ನು ಆರು ತಿಂಗಳು ಗಮನಿಸಿ, ಅದರ ತೊಂದರೆಗೆ ಕಾರಣ ಕಂಡುಹಿಡಿದು, ಪರಿಹಾರ ಮಾಡಿ ವರದಿ ಒಪ್ಪಿಸಬೇಕು. ನನ್ನ ವರದಿಯ ಮಗು ನೀನು. ಕಾರಣದ ಜಾಗದಲ್ಲಿ ‘ತಾಯಿಯ ಉಚ್ಚಾರಣೆ’ ಎಂದು ಬರೆದಾಗಿತ್ತು. ಕಾಲೇಜಿನ ಮೇಷ್ಟ್ರಿಗೆ ತೋರಿಸಿಯೂ ಆಗಿತ್ತು. ಅವರು ತರಗತಿಯಲ್ಲಿ ಎಲ್ಲರ ಎದುರಿಗೆ, ನೋಡಿ, ಹೀಗೆ ಮನೆಯೊಳಗೆ ಹೊಕ್ಕು ನೋಡಬೇಕು ಎಂದಿದ್ದರು. ಆ ಒಂದು ಹೊಗಳಿಕೆಯನ್ನು ವಾಪಸು ಕೊಡಲು ನನ್ನಿಂದಾಗಲಿಲ್ಲ. ಆ ಸೋಮವಾರದ ಹನ್ನೊಂದನ್ನು ವರದಿಯಿಂದ ಬಿಟ್ಟುಬಿಟ್ಟೆ.

ಅದಾದ ಮೂರನೆಯ ಭಾನುವಾರ ನೀನು ಮನೆಯಲ್ಲಿ ಕಾಣಲಿಲ್ಲ. ಅಮ್ಮ ಗಾಬರಿಯಾದಳು. ನೀನು ಎಲ್ಲಿರುತ್ತೀಯ ಎಂದು ನನಗೆ ತಕ್ಷಣ ಹೊಳೆಯಿತು, ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ನಿಲ್ಲುವ ಕಂಬದ ಹತ್ತಿರ ನೀನು ನಿಂತಿದ್ದೆ. ಒಂದು ಬಸ್ಸು ಬಂದು ಜನ ಇಳಿಯುತ್ತಿದ್ದರು. ಇಳಿದ ಪ್ರತಿಯೊಬ್ಬ ಹೆಂಗಸಿನ ಮುಖವನ್ನೂ ನೀನು ಕತ್ತೆತ್ತಿ ನೋಡಿದೆ. ಬಸ್ಸು ಖಾಲಿಯಾದ ಮೇಲೂ ಬಗ್ಗಿ, ಸೀಟುಗಳ ಕೆಳಗೆ ಯಾರೋ ಇರಬಹುದೆಂಬ ಹಾಗೆ ನೋಡಿದೆ. ನಾನು ಬಂದು ಕೈ ಹಿಡಿದಾಗ ನೀನು ಅಳಲಿಲ್ಲ. ಕೇಳಿದೆ:

"ಅಕ್ಕ, ಅವ್ವ ನನ್ ಮ್ಯಾಲೆ ಕ್ವಾಪ ಮಾಡ್ಕಂಡವ್ಳಾ?"

ಇಲ್ಲ ಎನ್ನಬಹುದಿತ್ತು. ಒಂದೇ ಮಾತು. ನನ್ನ ಬಾಯಿಂದ ಬಂದದ್ದು ಇದು:

"ಕ್ವಾಪ ಅಲ್ಲ. ಕೋಪ."

ನೀನು ‘ಕೋಪ’ ಎಂದೆ. ಸರಿಯಾಗಿ ಅಂದೆ. ಆಮೇಲೆ ಅವ್ವನ ಬಗ್ಗೆ ನೀನು ನನ್ನನ್ನು ಏನೂ ಕೇಳಲಿಲ್ಲ.

ದೀಪಾವಳಿಗೆ ಚಿಕ್ಕವ್ವ ಬಂದಳು. ಬರದೇ ಇರಲು ಆಗುತ್ತಿರಲಿಲ್ಲ, ಅಮ್ಮ ಹೇಳಿ ಕಳಿಸಿದ್ದಳು. ಚಿಕ್ಕಪ್ಪನೂ ಬಂದಿದ್ದರು, ಅವರು ನರಸೀಪುರದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವರು, ಮೊದಲಿಂದಲೂ ಮಾತು ಕಡಿಮೆ. ಚಿಕ್ಕವ್ವ ಬಾಗಿಲಿಗೆ ಬರುವಾಗಲೇ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಏನಾಯಿತೇ ಎಂದು ಅಮ್ಮ ಕೇಳಿದರೆ ಕೆನ್ನೆ ಮುಟ್ಟಿ ತೋರಿಸಿದಳು. ಹಲ್ಲುನೋವಂತೆ ಎಂದು ಚಿಕ್ಕಪ್ಪ ಹೇಳಿದರು. ದಾರಿಯುದ್ದಕ್ಕೂ ಚೆನ್ನಾಗಿದ್ದಳಲ್ಲ, ಇಲ್ಲಿ ಇಳಿದ ಮೇಲೆ ಶುರುವಾಯಿತು ಎಂದು ಅವರಿಗೂ ಆಶ್ಚರ್ಯ.

ಆ ದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಬಾಯಿ ಬಿಡಲಿಲ್ಲ. ಎಣ್ಣೆ ನೀರು ಹಾಕಿದಳು, ನಿನ್ನ ಬೆನ್ನು ಉಜ್ಜಿದಳು, ತಲೆ ಬಾಚಿದಳು, ಹೋಳಿಗೆ ತಟ್ಟಿದಳು — ಎಲ್ಲ ಮಾತಿಲ್ಲದೆ. ಅಪ್ಪ ತಮಾಷೆ ಮಾಡಿದರು, ಈ ವರ್ಷ ಪಟಾಕಿ ಸದ್ದೂ ಇಲ್ಲ, ನಾದಿನಿ ಸದ್ದೂ ಇಲ್ಲ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾವ ಕ್ಷಣದಲ್ಲಿ ಅವಳು ಸೆರಗು ತೆಗೆದು ಎಲ್ಲರೆದುರು ಕೇಳಿಬಿಡುತ್ತಾಳೋ ಎಂದು ಅವಳ ಹಿಂದೆ ಹಿಂದೆಯೇ ಸುತ್ತಿದೆ. ಬಜಾರಿನ ಡಾಕ್ಟರ ಹತ್ತಿರ ಹೋಗೋಣ ಎಂದು ಅಮ್ಮ ಎರಡು ಸಲ ಎದ್ದಳು. ಬೇಡ ಎಂದು ಕೈಯಾಡಿಸಿದಳು.

ಊಟವಾದ ಮೇಲೆ ನೀನು ಅವಳ ಮುಂದೆ ಮಂಡಿಯೂರಿ ಕೂತೆ. "ಯಾವಲ್ಲು ಅವ್ವಾ? ತೋರ್ಸು" ಎಂದೆ. ಅವಳು ತಲೆಯಾಡಿಸಿದಳು. ನೀನು ಬಿಡಲಿಲ್ಲ, ಸೆರಗು ಎಳೆದೆ. ಆಗ ಅವಳು ಬಾಯಿ ತೆರೆದು, ಬೆರಳಿನಿಂದ ಒಂದು ಹಲ್ಲು ತೋರಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಗಟ್ಟಿಯಾದ, ಬಿಳಿ ಹಲ್ಲು. ನೀನು ಆ ಹಲ್ಲಿಗೆ ಉಫ್ ಉಫ್ ಎಂದು ಊದಿದೆ.

ಚಿಕ್ಕವ್ವ ನಿನ್ನ ತಲೆಯ ಮೇಲಿಂದ ನನ್ನ ಕಡೆ ನೋಡಿದಳು. ಬೈಗುಳದ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗಿರಲಿಲ್ಲ ಅದು. ಸರಿಯಾಗಿ ಮಾಡುತ್ತಿದ್ದೀನಾ ಎಂದು ಕೇಳುವ ಹಾಗಿತ್ತು — ಪಾಠ ಒಪ್ಪಿಸುವ ಮಗು ಮೇಡಂ ಮುಖ ನೋಡುತ್ತದಲ್ಲ, ಹಾಗೆ. ನಾನು ತಲೆ ಆ ಕಡೆ ತಿರುಗಿಸಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆಮೇಲಿನದು ನಿನಗೆ ಗೊತ್ತು. ಡಿಸೆಂಬರ್ ಹೊತ್ತಿಗೆ ನಿನ್ನ ತಪ್ಪುಗಳು ಕಡಿಮೆಯಾದವು. ಬರೆಯುವಾಗ ತುಟಿ ಬಿಗಿಹಿಡಿದು, ಒಂದು ಪದಕ್ಕೆ ಮೂರು ಪದದ ಹೊತ್ತು ತೆಗೆದುಕೊಂಡು ಬರೆಯುತ್ತಿದ್ದೆ. ಮಾತೂ ಅಷ್ಟೇ ಕಡಿಮೆಯಾಯಿತು. ಪರೀಕ್ಷೆ ಪಾಸಾದೆ, ವಸತಿ ಶಾಲೆಗೆ ಸೇರಿದೆ. ಜಯಕ್ಕ ಇಲ್ಲದಿದ್ದರೆ ಈ ಹುಡುಗಿಗೆ ಸೀಟು ಸಿಕ್ಕುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ನನಗೆ ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು.

ರಜೆ ಬಂದರೆ ನೀನು ಮೂಗೂರಿಗಿಂತ ಹೆಚ್ಚು ನಮ್ಮ ಮನೆಯಲ್ಲಿರುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ, ಬಟ್ಟೆ ಮಡಿಸುತ್ತಾ, ಯಾವ ಭಾರವೂ ಇಲ್ಲದ ದನಿಯಲ್ಲಿ ಹೇಳಿದೆ: "ನಮ್ಮವ್ವ ಹಾಸ್ಟೆಲಿಗೆ ಬಂದಿದ್ದಳು ಅಕ್ಕ. ಅವಳು ನನ್ನ ಜೊತೆ ಹೊರಗಿನವರ ಜೊತೆ ಮಾತಾಡೋ ಹಾಗೆ ಮಾತಾಡ್ತಾಳೆ." ಹೇಗೆ ಎಂದು ನಾನು ಕೇಳಿದೆ. ಎದುರಿಗೆ ನೇರ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ‘ಹೇಗೆ ಇದ್ದೀಯ, ಹಾಲು ಕುಡಿಯುತ್ತೀಯ’ ಎಂದು ಕೇಳಿದಳಂತೆ. ಆಫೀಸಿನವರು ಕೇಳುವ ಹಾಗೆ ಎಂದು ನೀನು ನಕ್ಕೆ. ಅಷ್ಟು ದೂರದಿಂದ ಬಂದು ಹಾಗೆ ಮಾತ್ರ ಮಾತಾಡಿ ಹೋಗುವುದಾದರೆ ಯಾಕೆ ಬರಬೇಕು ಎಂದೂ ನೀನೇ ಕೇಳಿದೆ.

ಅವಳು ಕಲಿತಿದ್ದಳು, ಸವಿತಾ. ಮಗ್ಗುಲು ತಿರುಗದ ನಾಲಿಗೆಯನ್ನು ತಿರುಗಿಸಿಕೊಂಡಿದ್ದಳು. ನಿನಗೆ ನಾಚಿಕೆಯಾಗಬಾರದೆಂದು ಎಲ್ಲಿ, ಯಾರ ಹತ್ತಿರ, ಎಷ್ಟು ದಿನ ಕೂತು ಕಲಿತಳೋ. ನೀನು ಅದನ್ನು ದೂರ ಎಂದು ತಿಳಿದೆ. ನಾನು ಬಟ್ಟೆ ಮಡಿಸುತ್ತಲೇ ಇದ್ದೆ.

ಈಗ ನಾನು ನಂಜನಗೂಡಿನಿಂದ ಹನ್ನೆರಡು ಮೈಲಿ ದೂರದ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನ್ನ ತರಗತಿಯ ಅರ್ಧ ಮಕ್ಕಳು ನಿನ್ನ ಹಾಗೇ ಮಾತಾಡಿ, ನಿನ್ನ ಹಾಗೇ ಬರೆಯುತ್ತಾರೆ. ನಿಧಾನವಾಗಿ ಸರಿ ಬರೆಯಲು ಕಲಿಯುತ್ತಾರೆ, ಮನೆಗೆ ಹೋಗಿ ಅವ್ವಂದಿರ ಹಾಗೆ ಮಾತಾಡುತ್ತಾರೆ. ಎರಡೂ ಒಂದೇ ಮಗುವಿನಲ್ಲಿ ಜಗಳವಿಲ್ಲದೆ ಇರುತ್ತವೆ. ದಿನಾ ನೋಡುತ್ತೇನೆ. ಏನೂ ಆಗದವಳ ಹಾಗೆ ಮುಂದಿನ ಪಾಠ ತೆಗೆಯುತ್ತೇನೆ. ಹೀಗೇ ಪಾಠ ತೆಗೆಯುತ್ತಾ ಇದ್ದುಬಿಡುತ್ತಿದ್ದೆನೋ ಏನೋ.

ಆದರೆ ಹೋದ ಶುಕ್ರವಾರ ನೀನು ಬಂದೆ. ಹೊಸ ಮೇಡಂ, ತಗಡೂರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳು. ಬರುವ ಭಾನುವಾರ ಮೂಗೂರಿನ ಶಾಲೆಯಲ್ಲಿ ನಿನಗೆ ಸನ್ಮಾನ, ನೀನು ಅಲ್ಲಿ ನಾಲ್ಕು ಮಾತಾಡಬೇಕು. ಬರೆದುಕೊಂಡು ಬಂದದ್ದನ್ನು ನನಗೆ ಓದಿ ಹೇಳಿದೆ. ಹೆತ್ತವಳು ನನ್ನನ್ನು ಇನ್ನೊಂದು ಊರಿನಲ್ಲಿ ಬಿಟ್ಟು ಮರೆತಾಗ ಕೈಹಿಡಿದು ಅಕ್ಷರ ತಿದ್ದಿದವಳು ನನ್ನ ಅಕ್ಕ, ನನಗೆ ಅವಳೇ ತಾಯಿ — ಹೀಗೆ ಇತ್ತು. ಆಮೇಲೆ ನನ್ನನ್ನು ವೇದಿಕೆಗೆ ಕರೆದು ಹಾರ ಹಾಕುತ್ತೇನೆ ಎಂದೆ. ಅವ್ವ ಇರುತ್ತಾಳಲ್ಲ ಎಂದೆ ನಾನು. ನಿನ್ನ ಮುಖ ಗಟ್ಟಿಯಾಯಿತು.

"ಮುಂದಿನ ಸಾಲಲ್ಲೇ ಕೂರಿಸ್ತೀನಿ ಅಕ್ಕ. ಕೇಳಿಸ್ಕೊಳ್ಳಲಿ."

ಚೆನ್ನಾಗಿದೆಯಾ ಎಂದು ನೀನು ಕೇಳಿದೆ. ಚೆನ್ನಾಗಿದೆ ಎಂದೆ. ಇಷ್ಟು ವರ್ಷದ ಮೌನ ಒಂದು ಕಡೆ, ಆ ಒಂದು ‘ಚೆನ್ನಾಗಿದೆ’ ಇನ್ನೊಂದು ಕಡೆ — ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ತಿಳಿಯುತ್ತಿಲ್ಲ.

ಮಂಗಳವಾರ ರಜೆ ಹಾಕಿ ಮೂಗೂರಿಗೆ ಹೋದೆ. ಚಿಕ್ಕವ್ವ ಬಿದಿರಿನ ತಟ್ಟೆಗಳಲ್ಲಿ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ನೋಡಿದವಳೇ ನೆಟ್ಟಗೆ ನಿಂತು, "ಬನ್ನಿ, ಕುಳಿತುಕೊಳ್ಳಿ" ಎಂದಳು. ಬನ್ನಿ. ನನಗೆ. ಸ್ಪಷ್ಟವಾಗಿ, ಪುಸ್ತಕದಲ್ಲಿ ಇರುವ ಹಾಗೆ. ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಆ ಭಾನುವಾರ ಹೇಳಿದ್ದು ನನ್ನ ಮಾತು, ಸವಿತಾ ಹಾಗೆ ಅನ್ನಲೇ ಇಲ್ಲ, ಅವಳಿಗೆ ಇದೊಂದೂ ಗೊತ್ತಿಲ್ಲ ಎಂದೆ.

ಅವಳ ಕೈ ಸೊಪ್ಪು ಹರಡುತ್ತಲೇ ಇತ್ತು. ಆ ತಟ್ಟೆ ಮುಗಿಯಿತು, ಇನ್ನೊಂದು ತಟ್ಟೆ ಎಳೆದುಕೊಂಡಳು. ಅದರ ಅರ್ಧದಲ್ಲಿ ಕೈ ನಿಂತಿತು.

"ಕೂಸು ಯೋಳ್ನೇ ಇಲ್ವಾ?"

ಇಲ್ಲ ಎಂದೆ.

"ಒಂದ್ ಕಿತಾನೂ?"

ಇಲ್ಲ ಚಿಕ್ಕವ್ವ.

ಅವಳು ಗೋಡೆಗೆ ಒರಗಿ ಕೂತಳು. ಹುಳಗಳು ಸೊಪ್ಪು ಮೇಯುವ ಸದ್ದು ಮನೆ ತುಂಬಿತ್ತು. ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೊಡೆಯುತ್ತಾಳೆ — ಏನಾದರೂ ಆಗಲಿ ಎಂದು ಕಾದೆ. ಕೊನೆಗೆ ಹೇಳಿದಳು:

"ಇಷ್ಟ್ ವರ್ಸ ಅವ್ಳ ಮ್ಯಾಲೆ ಒಳ್ಗೇ ಮುನಿಸ್ಕಂಡಿದ್ದೆ ಕಣಮ್ಮಿ. ಎತ್ತ ಕೂಸ್ನ ಮ್ಯಾಲೆ. ಅವ್ಳು ಉಸಾರಿಲ್ದೆ ಮಲ್ಗಿದ್ದಾಗ್ಲೂ, ನಾಚ್ಕೆ ಆಗದಲ್ಲ ಇವ್ಳ್ಗೆ, ಇರ್ಲಿ ಅಂದ್ಕಂಡೆ. ಅದ್ನೆಲ್ಲ ಈಗ ಎಲ್ಗೆ ತಕ್ಕ ವೋಗ್ಲಿ, ಯೋಳು?"

ನಿನ್ನಿಂದ ಅವ್ವನನ್ನು ದೂರ ಮಾಡಿದೆ ಎಂದಷ್ಟೇ ನಾನು ಲೆಕ್ಕ ಹಾಕಿಕೊಂಡಿದ್ದೆ. ಅವಳನ್ನು ಹಾಗೆ ಮಾಡಿದೆ ಎಂಬುದು — ತಪ್ಪೇ ಮಾಡದ ಮಗುವಿನ ಮೇಲೆ ಒಬ್ಬ ತಾಯಿ ಇಷ್ಟು ವರ್ಷ ಮುನಿಸಿಕೊಂಡು ಬದುಕುವ ಹಾಗೆ ಮಾಡಿದೆ ಎಂಬುದು — ನನ್ನ ಯಾವ ಲೆಕ್ಕದಲ್ಲೂ ಇರಲಿಲ್ಲ.

ಸವಿತಾಗೆ ನೀನು ಹೇಳುತ್ತೀಯಾ ಎಂದು ಕೇಳಿದೆ. ಕೇಳಬಾರದಿತ್ತು. ಅವಳು ನನ್ನ ಮುಖ ನೋಡದೆ, ತಾನು ಹೇಳಿದರೆ ಅವಳು ನಂಬುವುದಿಲ್ಲ, ನೀನೇ ಹೇಳಬೇಕು ಎಂದಳು. ಆಮೇಲೆ ಎದ್ದು, ಅರ್ಧಕ್ಕೆ ನಿಂತ ತಟ್ಟೆಗೆ ಸೊಪ್ಪು ಹಾಕತೊಡಗಿದಳು. ಬಸ್ಸು ಬರುವ ಹೊತ್ತಾಯಿತು, ಹೋಗು ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಇವತ್ತು ಗುರುವಾರ. ಇದನ್ನು ಬರೆದದ್ದು ನಿನ್ನ ಕೈಗೆ ಕೊಟ್ಟು ಪಾರಾಗುವುದಕ್ಕಲ್ಲ. ಎದುರಿಗೆ ನಿಂತು ಹೇಳುವಾಗ ಭಯಕ್ಕೆ ಒಂದೂ ಮಾತನ್ನು ಬಿಟ್ಟುಬಿಡಬಾರದು, ನನಗೆ ಅನುಕೂಲವಾಗುವ ಹಾಗೆ ಒಂದನ್ನೂ ತಿರುಚಬಾರದು, ಅದಕ್ಕೆ ಬರೆದುಕೊಂಡೆ. ಬಾಯಿಂದ ಆಡಿದ ಸುಳ್ಳು ಅದು, ಬಾಯಿಂದಲೇ ಹೇಳಬೇಕು. ಕೇಳಿದ ಮೇಲೆ ನೀನು ನಿನ್ನ ಅವ್ವನ ಹತ್ತಿರ ಹೋಗುತ್ತೀಯೋ, ಏನು ಮಾತಾಡುತ್ತೀಯೋ, ಹೇಗೆ ಮಾತಾಡುತ್ತೀಯೋ — ಅದರಲ್ಲಿ ಇನ್ನು ನಾನು ಬಾಯಿ ಹಾಕುವುದಿಲ್ಲ. ನನ್ನ ಜೊತೆ ಮಾತು ಬಿಟ್ಟರೂ ಅದು ನಿನ್ನ ಇಷ್ಟ.

ನಾಳೆ ಅರ್ಧ ದಿನ ರಜೆ ಹಾಕಿದ್ದೇನೆ. ಮಧ್ಯಾಹ್ನದ ತಗಡೂರು ಬಸ್ಸು ಹತ್ತಿದರೆ, ನಿನ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಇರುತ್ತೇನೆ. ಮಕ್ಕಳೆಲ್ಲ ಹೋಗಲಿ. ಆಮೇಲೆ ಹೇಳುತ್ತೇನೆ.